ಮಂಚಯ್ಯ ಟ್ಯೂಬು ತಟ್ಟಿದ್ದು

ಹಾಸನದ ಸಂತೇಪೇಟೆಯಲ್ಲಿದ್ದ ರುದ್ರಯ್ಯನವರ ಕಬ್ಬಿಣದ ಅಂಗಡಿಯಲ್ಲಿ ಗುಮಾಸ್ತ ಮಂಚಯ್ಯನಿಗೆ ಒಂದು ಬೆಳಿಗ್ಗೆ ಹಲ್ಲುನೋವು ಬಂತು. ಅಷ್ಟು ಸಣ್ಣ ಸಂಗತಿಯಿಂದ ಒಬ್ಬ ಮನುಷ್ಯ ಎಲ್ಲಿಗೆ ಹೋಗಿ ಸಿಕ್ಕಿಕೊಳ್ಳಬಹುದು ಎಂಬುದು ಯಾರಿಗೂ ಮೊದಲೇ ತಿಳಿಯುವುದಿಲ್ಲ.

ಮೊಳೆ ತೂಗುವುದು, ಪೈಪು ಅಳೆದು ಕೊಡುವುದು, ನಟ್ಟು ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ಡಬ್ಬಗಳಿಗೆ ತುಂಬುವುದು ಮಂಚಯ್ಯನ ಕೆಲಸ. ಆ ಬೆಳಿಗ್ಗೆ ಹಳೇಕೋಟೆಯ ನಂಜಪ್ಪನವರು ಪಂಪಿನ ಎಂಜಿನ್ನಿಗೆ ಪೈಪು ಕೊಳ್ಳಲು ಬಂದಿದ್ದರು. ಮಂಚಯ್ಯ ಒಂದು ಪೈಪನ್ನು ಎತ್ತಿ ನಿಲ್ಲಿಸಿ, ಒಳಗಿನ ಧೂಳು ಉದುರಲಿ ಎಂದು ಬೆರಳಿನ ಗೆಣ್ಣಿನಿಂದ ತಟ್ಟಿದ. ಸರಿಯಾಗಿ ಆ ಗಳಿಗೆಗೇ ದವಡೆಯೊಳಗೆ ಯಾರೋ ಉಳಿಯಿಟ್ಟು ಹೊಡೆದಂತಾಗಿ ಮುಖ ಕಿವುಚಿಕೊಂಡ.

ನಂಜಪ್ಪನವರು ಆ ಮುಖವನ್ನು ನೋಡಿದರು. "ಯಾಕಪ್ಪ, ಪೈಪು ಸರಿಯಾಗಿಲ್ವಾ?"

ಬಾಯಿ ತೆರೆದರೆ ನೋವು. ಮಂಚಯ್ಯ ಸುಮ್ಮನೆ ತಲೆಯಾಡಿಸಿದ. ನಂಜಪ್ಪನವರು ಅದನ್ನು ಬಿಟ್ಟು ಬೇರೆ ಪೈಪು ಒಯ್ದರು. ಬಿಟ್ಟುಹೋದದ್ದನ್ನು ಶಾಂತಿಗ್ರಾಮದವರೊಬ್ಬರು ಕೊಂಡರು. ವಾರ ಕಳೆಯುವುದರೊಳಗೆ ಅದು ಉದ್ದಕ್ಕೆ ಸೀಳಿ, ಅವರ ಗದ್ದೆಗೆ ಹೋಗಬೇಕಾದ ನೀರು ಪಕ್ಕದವರ ಹುಲ್ಲುಮೆದೆಗೆ ಹೋಗಿ, ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ಸುದ್ದಿ ನಂಜಪ್ಪನವರ ಕಿವಿಗೆ ಬಿತ್ತು. ಅವರು ಊರೂರಿನಲ್ಲಿ ಹೇಳಿಕೊಂಡು ಬಂದರು: ಸಂತೇಪೇಟೆಯಲ್ಲಿ ಒಬ್ಬ ಮಂಚಯ್ಯ ಅಂತ ಇದಾನೆ, ಕಬ್ಬಿಣ ತಟ್ಟಿದರೆ ಸಾಕು, ಅದರ ಹೊಟ್ಟೆಯೊಳಗಿನ ರೋಗ ಅವನ ಕಿವಿಗೆ ಕೇಳಿಸುತ್ತದೆ. ಅಲ್ಲಿಂದ ಮುಂದೆ ಅರಕಲಗೂಡಿನವರು ನೇಗಿಲ ಗುಳ ತಂದರು, ಚನ್ನರಾಯಪಟ್ಟಣದವರು ಗಾಡಿಯ ಅಚ್ಚು ತಂದರು, ಸಾಲಗಾಮೆಯಿಂದ ಒಬ್ಬರು ಮಗಳ ಮದುವೆಗೆಂದು ಕೊಂಡ ಹಂಡೆಯನ್ನೇ ಹೊತ್ತು ತಂದರು. ಮಂಚಯ್ಯ ಮೊದಮೊದಲು "ನಂಗೇನೂ ತಿಳೀದು" ಎಂದ. ಅದನ್ನು ಜನ ವಿನಯ ಎಂದುಕೊಂಡರು. ಅಂಗಡಿಗೆ ವ್ಯಾಪಾರ ಹೆಚ್ಚಿತು. ರುದ್ರಯ್ಯನವರು, "ತಿಳೀದು ಅನ್ಬ್ಯಾಡ ಕಣಯ್ಯ. ತಟ್ಟು," ಎಂದರು.

ಬರದಿದ್ದ ವಿದ್ಯೆಗೆ ಬಂದ ಹೆಸರು ಮಂಚಯ್ಯನಿಗೆ ನಿದ್ದೆ ಕೆಡಿಸಿತು. ಬೇರೆಯವರಾಗಿದ್ದರೆ ತಟ್ಟಿಕೊಂಡು ಕಾಲ ಹಾಕುತ್ತಿದ್ದರು. ಅವನು ಹಾಗೆ ಮಾಡಲಿಲ್ಲ. ಹೆದರಿಕೆಯಿಂದಲೇ ಕಲಿಯತೊಡಗಿದ. ಪೈಪಿನ ಕಂಪನಿಯ ಕಡೆಯವರು ಬಂದಾಗ ಅವರನ್ನು ಹಿಡಿದು ಕೂರಿಸಿ ಕೇಳಿದ. ಒಡೆದ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದ. ತಗಡನ್ನು ಸುತ್ತಿ ಬೆಸೆದ ಪೈಪಿನ ಒಳಗೆ ಉದ್ದಕ್ಕೂ ಒಂದು ಗೆರೆ ಇರುತ್ತದೆ, ಗಟ್ಟಿ ಸರಳನ್ನು ಕೊರೆದು ಎಳೆದ ಪೈಪಿನಲ್ಲಿ ಇರುವುದಿಲ್ಲ ಎಂಬುದನ್ನು ಬೆರಳಿಗೆ ಕಲಿಸಿದ. ಒಳ್ಳೆಯ ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಕೆಟ್ಟದ್ದು ಬಾಗದೆ ಮುರಿಯುತ್ತದೆ ಎಂಬುದನ್ನು ಇಕ್ಕಳದಲ್ಲಿ ಕಚ್ಚಿಸಿ ಕಂಡುಕೊಂಡ. ಹೀಗೆ ಸುಳ್ಳಾಗಿ ಬಂದ ಹೆಸರಿನ ಹಿಂದೆ ಸ್ವಲ್ಪ ಸ್ವಲ್ಪವೇ ನಿಜ ಸೇರಿಕೊಂಡಿತು. ಆದರೆ ಎಷ್ಟು ಸೇರಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನಂಜಪ್ಪನವರ ಮಗ ಮಂಜುನಾಥ ಅಂಗಡಿಗೆ ಬಂದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿ, ಕೆಲಸಕ್ಕೆ ಸೇರದೆ ಊರಿಗೆ ಮರಳಿದ್ದ ಹುಡುಗ. ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನ ಗೆಳೆಯರ ಜೊತೆ ಮದರಾಸಿಗೆ ಹೋಗಿ, ಅಲ್ಲಿ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ನಡೆಯುವ ಕಾರಿನ ಓಟ ನೋಡಿಬಂದ ಮೇಲೆ ಅವನಿಗೆ ಊಟ ನಿದ್ದೆ ರುಚಿಸುತ್ತಿರಲಿಲ್ಲ. ಅಂಥದೊಂದು ಕಾರನ್ನು ತಾನೇ ಕಟ್ಟಬೇಕೆಂದು ಹೊರಟಿದ್ದ. ಅಪಘಾತವಾದ ಒಂದು ಕಾರಿನ ಎಂಜಿನ್ನು ಸಿಕ್ಕಿತ್ತು. ಕಾರಿನ ಚೌಕಟ್ಟಿಗೆ ಬೇಕಾದ ಉಕ್ಕಿನ ಟ್ಯೂಬುಗಳನ್ನು ಬೆಂಗಳೂರಿನಲ್ಲಿ, ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಡಿಸ್ಪೋಸಲ್ ಮಾಲು ಮಾರುವವನೊಬ್ಬನಿಂದ ತಂದಿದ್ದ.

"ಮಂಚಯ್ಯನೋರೆ, ವಿಮಾನದ ಟ್ಯೂಬು ಅಂತ ಹೇಳಿ ಕೊಟ್ಟ. ವಿಮಾನದ್ದೋ, ಆಸ್ಪತ್ರೆ ಮಂಚದ್ದೋ ಯಾರಿಗೆ ಗೊತ್ತು? ಓದಿದ್ದು ತಲೆಯಲ್ಲಿದೆ, ಕೈಗೆ ಅಭ್ಯಾಸ ಇಲ್ಲ. ನೀವು ಬಂದು ಒಂದು ಸಲ ನೋಡಬೇಕು."

ಮಂಚಯ್ಯ ನೆಪ ಹುಡುಕುವಷ್ಟರಲ್ಲಿ ರುದ್ರಯ್ಯನವರು ಗಲ್ಲಾದಿಂದಲೇ, "ಬತ್ತಾರೆ ಸ್ವಾಮಿ, ನಾಳೇನೇ ಬತ್ತಾರೆ," ಎಂದುಬಿಟ್ಟರು.

ಮರುದಿನ ಮಂಚಯ್ಯ ಹೊಳೆನರಸೀಪುರದಲ್ಲಿ ಬಸ್ಸಿಳಿದಾಗ ನಂಜಪ್ಪನವರ ಕಮಾನುಗಾಡಿ ಕಾಯುತ್ತಿತ್ತು. ಒಳಗೆ ನಂಜಪ್ಪನವರೇ ಕೂತಿದ್ದರು. ಇವನಿಗಾಗಿ ಇಡ್ಲಿ ಕಟ್ಟಿಸಿ ತಂದಿದ್ದರು. ದೊಡ್ಡವರು ತಾವಾಗಿ ಇಡ್ಲಿ ಕಟ್ಟಿಸಿ ತಂದಾಗ ಗಂಟಲಲ್ಲಿ ಇಳಿಯುವುದು ಕಷ್ಟ. ಗಾಡಿ ಊರು ದಾಟಿದ ಮೇಲೆ ಅವರು ಬಾಯಿ ಬಿಟ್ಟರು.

"ನೋಡಪ್ಪ ಮಂಚಯ್ಯ. ಇರೋನು ಒಬ್ನೇ ಮಗ. ಮದರಾಸ್ನಾಗೆ ಆ ಕಾರುಗೋಳು ಓಡೋದ್ನ ನಾನೂ ಒಂದ್ಸಲ ಓಗಿ ನೋಡ್ಬಂದೆ. ಅವ್ನಿಗೆ ಗೊತ್ತಿಲ್ಲ. ಒಬ್ಬ ನನ್ನ ಕಣ್ಮುಂದೇನೇ ಮಗುಚ್ಕಂಡ. ಬದುಕ್ದ, ದೇವ್ರು ದೊಡ್ಡೋನು. ಆದ್ರೆ ಅವ್ನ ತಾಯಿ ಅಲ್ಲೇ ಕುರ್ಚಿ ಮ್ಯಾಲೆ ಕೂತಿದ್ಲು. ಆಯಮ್ಮನ ಮುಖ ಇನ್ನೂ ನನ್ನ ಕಣ್ಣಾಗೈತೆ."

ಮಂಚಯ್ಯ ಇಡ್ಲಿಯನ್ನು ಕೆಳಗಿಟ್ಟ.

"ಬ್ಯಾಡ ಅಂದ್ರೆ ಮಗ ಕೇಳಾಕಿಲ್ಲ. ನಿನ್ನ ಮಾತು ಕೇಳ್ತಾನೆ. ನೀನೊಂದು ಉಪ್ಕಾರ ಮಾಡು. ಆ ಪೈಪ್ನೆಲ್ಲಾ ತಟ್ಟು. ತಟ್ಟಿ, ಅವತ್ತು ಅಂಗ್ಡೀಲಿ ಮುಖ ಮಾಡ್ದಲ್ಲ, ಅಂಗೆ ಮಾಡ್ಬುಡು."

"ಸುಳ್ಳು ಏಳ್ಬೇಕಾ ಗೌಡ್ರೆ?"

"ಸುಳ್ಳಲ್ಲ ಕಣಪ್ಪ. ಬರೀ ಮುಖ."

"ಚೆನ್ನಾಗೇ ಇದ್ರೆ?"

"ಚೆನ್ನಾಗಿದ್ರೇನೇ ನಿನ್ನಿಂದ ಉಪ್ಕಾರ ಆಗ್ಬೇಕಾಗಿರದು. ಕೆಟ್ಟಿದ್ರೆ ಅದಕ್ಕೆ ನೀನ್ಯಾಕೆ?"

ನಂಜಪ್ಪನವರ ಕಣ್ಣು ಒದ್ದೆಯಾಗಿತ್ತು. ಎತ್ತಿನ ಕೊರಳಗಂಟೆಯ ಸದ್ದನ್ನು ಕೇಳುತ್ತಾ ಮಂಚಯ್ಯ ಮನಸ್ಸಿನಲ್ಲೇ ದೇವರಿಗೆ ಮೊರೆಯಿಟ್ಟ: ಆ ಟ್ಯೂಬುಗಳು ಕೊಳೆತು ಹೋಗಿರಲಿ.

ಹಳೇಕೋಟೆಯಲ್ಲಿ ನಂಜಪ್ಪನವರ ಕೊಟ್ಟಿಗೆಯಿಂದ ದನಗಳನ್ನು ಹೊರಗಟ್ಟಿ ಮಂಜುನಾಥ ಅದನ್ನು ಕಾರ್ಖಾನೆ ಮಾಡಿಕೊಂಡಿದ್ದ. ಗೋದಲಿಯ ಮೇಲೆ ಎಂಜಿನ್ನು, ಕೆಳಗೆ ಗೋಣಿತಾಟಿನ ಮೇಲೆ ಸಾಲಾಗಿ ಟ್ಯೂಬುಗಳು. ಹೊಳೆನರಸೀಪುರದ ವೆಲ್ಡಿಂಗ್ ಗಂಗಯ್ಯ ತನ್ನ ಸಾಮಾನಿನ ಜೊತೆ ಬಂದು ಕೂತಿದ್ದ. ಹಾಸನದಿಂದ ಕಬ್ಬಿಣದ ಪಂಡಿತರು ಬರುತ್ತಾರೆಂದು ತಿಳಿದು ಅಕ್ಕಪಕ್ಕದವರೂ ನೆರೆದಿದ್ದರು. ಅವರಲ್ಲಿ ಮುಂದೆ ನಿಂತವನು ಬೈರಯ್ಯ. ಬಸ್ಸಿನ ಡ್ರೈವರಾಗಿದ್ದು ಕೆಲಸ ಬಿಟ್ಟು ಬಂದವನು. ಹಳೇಕೋಟೆಯಲ್ಲಿ ಗಾಲಿ ಇರುವ ಯಾವ ವಸ್ತುವಿನ ಬಗ್ಗೆಯೂ ಅವನ ಮಾತೇ ಕೊನೆಯ ಮಾತು. ಅವನ ಪಕ್ಕ ಎದುರುಮನೆಯ ಮುದುಕಿ ಲಕ್ಕಮ್ಮ, ಎಲೆಅಡಿಕೆ ಚೀಲದ ಸಮೇತ.

"ಆಸ್ಪತ್ರೆ ಮಂಚದ್ದೇನೋ ಅಂತ ಅನುಮಾನವಂತೆ," ಎಂದ ಬೈರಯ್ಯ.

"ಮಂಚದ್ದಾದ್ರೆ ಮಂಚಯ್ಯಂಗೆ ತಿಳೀತದೆ ಬುಡ್ಲಾ," ಎಂದಳು ಲಕ್ಕಮ್ಮ.

ಯಾರೂ ನಗಲಿಲ್ಲ. ಎಲ್ಲರೂ ಮಂಚಯ್ಯನ ಕೈಯನ್ನೇ ನೋಡುತ್ತಿದ್ದರು.

ಟ್ಯೂಬಿಗೆ ಕೈ ಹಾಕಲು ಧೈರ್ಯ ಸಾಲದೆ ಅವನು ಮೊದಲು ನಟ್ಟು ಬೋಲ್ಟು ಕೇಳಿದ. ಮಂಜುನಾಥ ಒಂದು ಡಬ್ಬ ತಂದಿಟ್ಟ. ಮಂಚಯ್ಯ ಒಂದು ಬೋಲ್ಟು ಎತ್ತಿ ನಟ್ಟು ತಿರುಗಿಸಿದ. ಅದು ಹಳೇ ಕದದ ಚಿಲಕದಂತೆ ಲೊಡಲೊಡ ಅಂದಿತು. ಬೋಲ್ಟಿನ ತಲೆ ಒಂದು ಕಡೆ ವಾಲಿತ್ತು. ಅದನ್ನು ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಒಳ್ಳೆಯ ಬೋಲ್ಟು ಬಾಗಬೇಕಿತ್ತು. ಇದು ಒಣಗಿದ ತೊಗರಿಕಡ್ಡಿಯಂತೆ ಪಟ್ಟನೆ ಮುರಿದು, ತಲೆ ಹಾರಿ ಲಕ್ಕಮ್ಮನ ಎಲೆಚೀಲಕ್ಕೆ ಬಿತ್ತು.

ಮಂಚಯ್ಯನಿಗೆ ಧೈರ್ಯ ಬಂತು. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವುದು ಎಷ್ಟು ಸುಲಭ. "ಇದು ಗೇಟಿಗೆ ಹಾಕಾಕೆ ಆಯ್ತದೆ. ಜೀವ ಹೊರೋ ಗಾಡೀಗಲ್ಲ. ಇಂಥ ಬೋಲ್ಟು ಓಟದ ಕಾರಿಗೆ ಅಂತ ಕೊಟ್ಟೋನು ಅಂಗ್ಡಿಯೋನಲ್ಲ, ಕೊಲೆಗಡುಕ. ಯಾವನು ಕೊಟ್ಟೋನು?"

ಮಂಜುನಾಥ ತಲೆ ತಗ್ಗಿಸಿದ. "ನಿಮ್ಮ ಅಂಗಡೀದೇ ಮಂಚಯ್ಯನೋರೆ. ಹೋದ ತಿಂಗಳು ಗಂಗಯ್ಯ ತಂದದ್ದು."

ಮಂಚಯ್ಯ ಡಬ್ಬವನ್ನು ತಿರುಗಿಸಿ ನೋಡಿದ. ಮುಚ್ಚಳದ ಮೇಲೆ ಅಳತೆ ಬರೆದಿದ್ದ ಅಂಕಿ ಅವನದೇ ಕೈಬರಹ.

"ಶುಕ್ರವಾರ ನಾನು ಆಸನಕ್ಕೆ ಓಗ್ತೀನಿ," ಎಂದ ಬೈರಯ್ಯ. "ರುದ್ರಯ್ಯಂಗೆ ಕೊಲೆಗಡುಕ ಅಂತ ಯೋಳ್ಬೇಕಾ, ನೀವೇ ಯೋಳ್ತೀರಾ?"

ಹೀಗೆ ಮಂಚಯ್ಯ ಟ್ಯೂಬು ಮುಟ್ಟುವ ಮೊದಲೇ ಅರ್ಧ ಮುಳುಗಿದ್ದ.

ಅಷ್ಟು ಹೊತ್ತಿಗೆ ಬೈರಯ್ಯ ಟ್ಯೂಬಿನ ಪರೀಕ್ಷೆಯನ್ನು ತನ್ನ ಕೈಗೆ ತೆಗೆದುಕೊಂಡ. ತಟ್ಟಿ ನೋಡುವುದು ತೆಂಗಿನಕಾಯಿಗೆ ಸರಿ, ಗಾಡಿಗೆ ಭಾರ ಹಾಕಿಯೇ ನೋಡಬೇಕು ಎಂಬುದು ಅವನ ವಾದ. ಎರಡು ಕಲ್ಲುಗಳ ಮೇಲೆ ಒಂದು ಟ್ಯೂಬು ಅಡ್ಡ ಇಡಿಸಿ ಮೊದಲು ತಾನು ಕೂತ. ಆಮೇಲೆ ಗಂಗಯ್ಯನನ್ನು ಕೂರಿಸಿದ. "ಇನ್ನೊಬ್ರು ಬನ್ನಿ," ಎಂದು ನೆರೆದವರನ್ನು ಕರೆದ. ತಂತಿಯ ಮೇಲೆ ಕೂತ ಕಾಗೆಗಳಂತೆ ಜನ ಸಾಲಾಗಿ ಕೂತರು. ಜಾಗ ಉಳಿದದ್ದು ತುದಿಯಲ್ಲಿ. "ನೀವೂ ಕೂತ್ಕಳಿ ಮಂಚಯ್ಯ, ಪರೀಕ್ಷೆ ನಿಮ್ದೇ ಅಲ್ವಾ," ಎಂದಾಗ ಅವನೂ ಅಂಚಿನಲ್ಲಿ ಕೂತ.

ಟ್ಯೂಬು ಸ್ವಲ್ಪ ಬಳುಕಿತು, ಅಷ್ಟೇ. ಆದರೆ ಬೈರಯ್ಯ ಎದೆಯುಬ್ಬಿಸಿ, "ನೋಡಿದ್ರಾ," ಎನ್ನಲು ಹಿಂದಕ್ಕೆ ವಾಲಿದ. ಟ್ಯೂಬು ದುಂಡಗಿತ್ತು, ಕಲ್ಲಿನ ಮೇಲೆ ಉರುಳಿತು. ಅಷ್ಟೂ ಜನ ಒಟ್ಟಿಗೆ ಮಲ್ಲರು ಪಟ್ಟು ಹಾಕಿಸಿಕೊಂಡಂತೆ ಅಂಗಾತ ಬಿದ್ದರು. ಮಂಚಯ್ಯನ ಮೇಲೆ ಗಂಗಯ್ಯ, ಗಂಗಯ್ಯನ ಮೇಲೆ ಬೈರಯ್ಯನ ಕಾಲು. ಸೊಂಟ ಹಿಡಿದುಕೊಂಡು ಎದ್ದ ಮಂಚಯ್ಯ ಮೊದಲು ನೋಡಿದ್ದು ಟ್ಯೂಬನ್ನು. ಅದನ್ನು ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ಕೂದಲೆಳೆಯಷ್ಟೂ ಬಾಗಿರಲಿಲ್ಲ.

ದೇವರು ಮೊರೆ ಕೇಳಿರಲಿಲ್ಲ.

ಆಮೇಲೆ ಅವನು ಯಾರ ಮಾತನ್ನೂ ಕೇಳಲಿಲ್ಲ. ಒಂದೊಂದೇ ಟ್ಯೂಬನ್ನು ಎತ್ತಿ ಬಿಸಿಲಿನ ಕಡೆ ಹಿಡಿದು ಒಳಗೆ ನೋಡಿದ. ಒಳಮೈ ಬೆಳದಿಂಗಳಿನ ಹಾಗೆ ಒಂದೇ ಸಮನಾಗಿ ಹೊಳೆಯುತ್ತಿತ್ತು. ತುದಿಯೊಳಗೆ ಬೆರಳಿಟ್ಟು ಸುತ್ತ ಸವರಿದ; ಬೆಸೆದ ಗೆರೆ ಇರಲಿಲ್ಲ. ಮಂಜುನಾಥ ಅಳತೆಯ ಉಪಕರಣ ಹಿಡಿದು ಟ್ಯೂಬಿನ ಗೋಡೆಯ ದಪ್ಪ ನೋಡಿದ, ಸುತ್ತಲೂ ಒಂದೇ. ತುದಿಯಿಂದ ಬಳೆಯಷ್ಟು ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಚಪಾತಿಯ ಹಾಗೆ ಅಪ್ಪಚ್ಚಿ ಮಾಡಿದರು. ಮಡಿಕೆಯಲ್ಲಿ ಬಿರುಕು ಬಿಡಲಿಲ್ಲ. ಗಂಗಯ್ಯ ಎರಡು ತುಂಡು ಬೆಸೆದ. ಮಂಚಯ್ಯ ಅದನ್ನು ಸುತ್ತಿಗೆಯಿಂದ ಬಡಿದ. ಬಾಗಿತು, ನಜ್ಜಾಯಿತು, ಬೆಸುಗೆ ಬಿಡಲಿಲ್ಲ. ಮೂರು ಟ್ಯೂಬುಗಳಲ್ಲಿ ಮಾತ್ರ ಒಳಗೆ ತುಕ್ಕು ತಿಂದ ಚುಕ್ಕೆಗಳಿದ್ದವು. ಅವನ್ನು ಬೇರೆ ಇಟ್ಟ. ಕೊನೆಗೆ ಒಂದನ್ನು ಹಗ್ಗದಲ್ಲಿ ತೂಗುಹಾಕಿ ಗೆಣ್ಣಿನಿಂದ ತಟ್ಟಿದ.

ಅದು ಹಾಡಿತು. ಸಣ್ಣಗೆ, ಬಹಳ ಹೊತ್ತು, ಊರಾಚೆಯ ದೇವಸ್ಥಾನದ ಗಂಟೆಯ ಸದ್ದು ಗಾಳಿಗೆ ಬಂದ ಹಾಗೆ. ಇಷ್ಟು ವರ್ಷ ನೀರಿನ ಪೈಪು ಮಾರಿದ್ದ ಮಂಚಯ್ಯ ಅಂಥ ಕಬ್ಬಿಣವನ್ನು ಕೈಯಲ್ಲಿ ಹಿಡಿದಿರಲಿಲ್ಲ. ಯಾರೂ ಹೇಳಿಕೊಡದೆ, ಯಾವ ಅನುಮಾನವೂ ಇಲ್ಲದೆ, ತನಗೇ ಗೊತ್ತಾಗಿದೆ ಎಂಬುದು ಅವನಿಗೆ ಆಗ ತಿಳಿಯಿತು.

ಎದುರಿಗೆ ಜಗಲಿಯ ಕಂಬಕ್ಕೆ ಒರಗಿ ನಂಜಪ್ಪನವರು ನಿಂತಿದ್ದರು. ಅವರು ಅವನ ಕಣ್ಣಿಗೆ ಕಣ್ಣು ಸೇರಿಸಿ, ನೆನಪು ಮಾಡಿಕೊಡುವವರಂತೆ ತಾವೇ ಮುಖ ಕಿವುಚಿ ತೋರಿಸಿದರು.

"ಏನು ಯೋಚ್ನೆ," ಎಂದ ಬೈರಯ್ಯ. "ಅಷ್ಟು ಜನ ಕೂತ್ರೂ ಮುರೀಲಿಲ್ಲ. ವಿಮಾನದ್ದೇ ಕಣ್ರಪ್ಪ. ನಾನು ಯೋಳ್ತೀನಿ, ಚೆನ್ನಾಗೈತೆ."

"ಚೆನ್ನಾಗೈತೆ," ಎಂದ ಗಂಗಯ್ಯ. ಲಕ್ಕಮ್ಮನೂ ಹೌದೆಂದು ತಲೆದೂಗಿದಳು.

ಆಗ ಕಾಮಾಕ್ಷಮ್ಮ ಮಜ್ಜಿಗೆಯ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದರು. ನಂಜಪ್ಪನವರ ಹೆಂಡತಿ, ಮಂಜುನಾಥನ ತಾಯಿ. ಈ ಕಾರಿನ ವಿಷಯದಲ್ಲಿ ಮಗನಿಗೆ ಬೇಡ ಎಂದೂ ಅಂದವರಲ್ಲ, ಬೇಕು ಎಂದೂ ಅಂದವರಲ್ಲ. ಎಲ್ಲರಿಗೂ ಮಜ್ಜಿಗೆ ಕೊಟ್ಟ ಮೇಲೆ ಮೆಲ್ಲಗೆ ಹೇಳಿದರು:

"ನಂಗೆ ಕಬ್ಬಿಣ ತಿಳೀದು. ಓದ್ದೋರು ಓದಿದ್ದ ಏಳ್ತೀರಿ, ಬಸ್ಸು ಬುಟ್ಟೋರು ಬುಟ್ಟಿದ್ದ ಏಳ್ತೀರಿ. ನಂಗೆ ತಿಳಿಯೋದು ಒಂದೇ. ಸಾರು ಚೆನ್ನಾಗೈತೆ ಅನ್ನೋಳು ತಾನು ಮೊದ್ಲು ಒಂದ್ ಸವುಟು ಕುಡೀಬೇಕು. ಈ ಪೈಪು ಚೆನ್ನಾಗೈತೆ ಅಂತ ಯಾರು ಅಂತಾರೋ, ಕಾರು ಕಟ್ಟಿದ ಮೊದ್ಲನೇ ದಿವ್ಸ ಅವ್ರು ಅದ್ರಾಗೆ ಕೂರ್ಬೇಕು. ಕೂರ್ತೀನಿ ಅನ್ನೋರು ಮಾತಾಡಿ. ಒಪ್ಕತೀನಿ."

ಬೈರಯ್ಯ ಮಜ್ಜಿಗೆ ಲೋಟ ಕೆಳಗಿಟ್ಟ. ತನ್ನ ಎಮ್ಮೆ ಈಯುವ ದಿನ ಎಂಬುದು ಅವನಿಗೆ ಆಗ ನೆನಪಾಯಿತು. ಹೊರಟ. ಗಂಗಯ್ಯ, "ನಾನು ಬೆಸಿಯೋನು ಅವ್ವಾರೆ, ಕಬ್ಬಿಣ ಮಾಡ್ದೋನಲ್ಲ," ಎಂದು ತನ್ನ ಸಾಮಾನು ಒರೆಸತೊಡಗಿದ. ಯಾರೂ ಕೇಳದಿದ್ದರೂ ಲಕ್ಕಮ್ಮ, "ನಂಗೆ ಒಂದ್ ಕಿವಿ ಮಂದ ಕಣವ್ವ," ಎಂದಳು.

ಉಳಿದವನು ಮಂಚಯ್ಯ.

ಕೆಟ್ಟಿದೆ ಎಂದರೆ ನಂಜಪ್ಪನವರಿಗೆ ಸಂತೋಷ. ಕೆಟ್ಟಿದೆ ಎಂದರೆ ತಾನು ಯಾವ ಕಾರಿನಲ್ಲೂ ಕೂರಬೇಕಿಲ್ಲ. ನಾಳೆ ನಾಡಿದ್ದು ಏನಾದರೂ ಆದರೆ ತನ್ನ ತಲೆಗೆ ಬರುವುದೂ ಇಲ್ಲ. ಮನೆಯಲ್ಲಿ ಹೆಂಡತಿ ಮುದ್ದಮ್ಮ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಬೇಡಿ, ಗಾಳಿಗೆ ಶೀತವಾಗುತ್ತದೆ ಎಂದು ಹೇಳಿ ಕಳಿಸಿದ್ದಳು. ಅಂಥ ಹೆಂಡತಿಯ ಗಂಡ ಓಟದ ಕಾರಿನಲ್ಲಿ ಕೂತಾನೆಯೇ? ಹೇಗೆ ನೋಡಿದರೂ ಮುಖ ಕಿವುಚುವುದೇ ಎಲ್ಲರಿಗೂ ಕ್ಷೇಮ. ಅಡ್ಡ ಬರುತ್ತಿದ್ದುದು ಒಂದೇ, ಆ ಟ್ಯೂಬು ಹಾಡಿದ್ದು.

ಮಂಜುನಾಥನ ಕೈ ಪಂಚೆಯ ತುದಿಯನ್ನು ಹಿಂಡುತ್ತಿತ್ತು. "ಕೆಟ್ಟದ್ದಾದ್ರೆ ಕೆಟ್ಟದ್ದು ಅಂತ್ಲೇ ಹೇಳಿ ಮಂಚಯ್ಯನೋರೆ," ಎಂದ ಕೊನೆಗೆ. "ಬಿಟ್ಟುಬಿಡ್ತೀನಿ. ನೀವು ಹೇಳಿದ ಮೇಲೆ ಇನ್ನೊಬ್ಬರನ್ನ ಕೇಳಲ್ಲ."

ಅಷ್ಟು ನಂಬಿಕೆಯನ್ನು ಮಂಚಯ್ಯನ ಮೇಲೆ ಯಾರೂ ಇಟ್ಟಿರಲಿಲ್ಲ. ಮುದ್ದಮ್ಮನೂ ಇಟ್ಟಿರಲಿಲ್ಲ.

ಅವನು ಮುಖ ಕಿವುಚಲು ಪ್ರಯತ್ನಿಸಿದ. ನಿಜವಾಗಿಯೂ ಪ್ರಯತ್ನಿಸಿದ. ಮುಖ ಒಪ್ಪಲಿಲ್ಲ.

"ಈ ಮೂರು ಬ್ಯಾಡ. ಬೋಲ್ಟು ಒಂದೂ ಬ್ಯಾಡ," ಎಂದ. "ಮಿಕ್ಕ ಟ್ಯೂಬೆಲ್ಲಾ ಚೆನ್ನಾಗೈತೆ ಅವ್ವಾರೆ. ನಾನು ಕೂರ್ತೀನಿ."

ನಂಜಪ್ಪನವರು ಕಂಬ ಬಿಟ್ಟು ಹತ್ತಿರ ಬಂದರು. "ಇನ್ನೊಂದ್ಸಲ ತಟ್ಟಪ್ಪ."

ತಟ್ಟಿದ. ಮತ್ತೆ ಹಾಡಿತು. ಒಂದು ಕಿವಿ ಮಂದವಾಗಿದ್ದ ಲಕ್ಕಮ್ಮನಿಗೂ ಕೇಳಿಸಿತು.

"ಚೆನ್ನಾಗೈತೆ ಗೌಡ್ರೆ. ತಪ್ಪು ತಿಳ್ಕಬ್ಯಾಡಿ."

ನಂಜಪ್ಪನವರು ಹೆಗಲ ಮೇಲಿನ ವಸ್ತ್ರವನ್ನು ಒಂದು ಸಲ ಕೊಡವಿದರು. "ನಿನ್ನ ಹೆಸ್ರ ಊರೂರ್ಗೆ ಒತ್ಕಂಡು ಓದೋನು ನಾನು," ಎಂದಷ್ಟೇ ಹೇಳಿ ಜಗಲಿಯ ಮೇಲೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಬೈದಿದ್ದರೆ ಮಂಚಯ್ಯನಿಗೆ ಹಗುರಾಗುತ್ತಿತ್ತು.

ಮಂಜುನಾಥ ಅವನ ಎರಡೂ ಕೈ ಹಿಡಿದುಕೊಂಡ. "ಅಪ್ಪ ನಿಮಗೆ ಮೊದಲೇ ಹೇಳಿಟ್ಟಿರ್ತಾರೆ ಅಂತ ನನಗೆ ಗೊತ್ತಿತ್ತು. ಆದರೂ ಕರೆಸಿದೆ," ಎಂದ.

ಮಧ್ಯಾಹ್ನದ ಮುದ್ದೆ ಉಪ್ಸಾರು ಅವನಿಗೆ ಬಹಳ ರುಚಿಸಿತು. ಇಡ್ಲಿ ಇಳಿಯದಿದ್ದ ಗಂಟಲಲ್ಲಿ ಎರಡನೆಯ ಮುದ್ದೆಯೂ ಇಳಿಯಿತು. ಸತ್ಯ ಹೇಳಿದವನಿಗೆ ಹಸಿವು ಜಾಸ್ತಿ ಎಂದು ಕಾಣುತ್ತದೆ. ಕಾರಿನ ಯೋಚನೆ ಬಂದಾಗ ಹೀಗೆ ಸಮಾಧಾನ ಹೇಳಿಕೊಂಡ: ಇನ್ನೊಬ್ಬರು ಪಕ್ಕದಲ್ಲಿ ಕೂತಾಗ ಹುಡುಗ ಜೋರಾಗಿ ಬಿಡಲಾರ. ಒಂದು ಸುತ್ತು. ಕಣ್ಣು ಮುಚ್ಚಿ, ಗಟ್ಟಿಯಾಗಿ ಏನನ್ನಾದರೂ ಹಿಡಿದು, ದೇವರ ಹೆಸರು ಹೇಳಿದರೆ ಮುಗಿಯಿತು. ಹಿಡಿದುಕೊಳ್ಳುವುದು ಹೇಗೂ ಆ ಟ್ಯೂಬನ್ನೇ ತಾನೆ.

ಊಟವಾದ ಮೇಲೆ ಮಂಜುನಾಥ ಕೊಟ್ಟಿಗೆಯ ನೆಲ ಗುಡಿಸಿ, ದಾರ ಹಿಡಿದು, ಸೀಮೆಸುಣ್ಣದಲ್ಲಿ ಕಾರನ್ನು ಪೂರ್ತಿ ಅಳತೆಗೆ ಬರೆಯತೊಡಗಿದ. ಟ್ಯೂಬು ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ನೆಲದ ಮೇಲೇ ನೋಡಿ ಕತ್ತರಿಸಬೇಕಿತ್ತು. ನಾಲ್ಕು ಚಕ್ರ ಬಂತು. ಎಂಜಿನ್ನು ಬಂತು. ಸೌತೆಕಾಯಿಯಂತೆ ಉದ್ದವಾದ ಮೈ ಬಂತು. ನಡುವೆ ಒಂದು ಸೀಟು ಬಂತು. ಅಷ್ಟು ಬರೆದು ಅವನು ಕೈ ಒರೆಸಿಕೊಂಡ.

ಮಂಚಯ್ಯ ಚಿತ್ರದ ಸುತ್ತ ಒಂದು ಸಲ ನಡೆದು ಬಂದ.

"ಮಂಜಣ್ಣಾರೆ, ಇದು ನಿಮ್ದು. ನಂದೆಲ್ಲಿ?"

"ಏನು ಮಂಚಯ್ಯನೋರೆ?"

"ಕೂರೋ ಜಾಗ."

ಮಂಜುನಾಥ ಸೀಮೆಸುಣ್ಣದ ಸೀಟನ್ನು ತೋರಿಸಿದ. "ಓಟದ ಕಾರಲ್ಲಿ ಒಬ್ಬರೇ ಕೂರೋದು. ಎರಡನೆಯವರು ಕೂತರೆ ತೂಕ ಅಲ್ವಾ. ಎಲ್ಲ ಕಡೆಯೂ ಹೀಗೇ."

ಮಂಚಯ್ಯನ ಮೈಮೇಲಿನ ಬಂಡೆಯನ್ನು ಯಾರೋ ಎತ್ತಿಟ್ಟ ಹಾಗಾಯಿತು. ಜಾಗವೇ ಇಲ್ಲದ ಮೇಲೆ ಕೂರುವುದೆಲ್ಲಿ ಬಂತು. ಸತ್ಯವನ್ನೂ ಹೇಳಿದ್ದಾಯಿತು, ಪ್ರಾಣವೂ ಉಳಿಯಿತು. "ಅಂಗಾದ್ರೆ ಅವ್ವಾರ ಮಾತು ನಡ್ಯಾಕಿಲ್ಲ," ಎಂದ, ಆದಷ್ಟು ವಿಷಾದದ ದನಿಯಲ್ಲಿ. "ಏನು ಮಾಡಾಕಾಯ್ತದೆ."

"ಯಾಕೆ ನಡ್ಯಾಕಿಲ್ಲ?"

ಕಾಮಾಕ್ಷಮ್ಮ ಎಲೆಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನನ್ನ ಮಗನ ಜೊತೇಲಿ ಕೂರ್ಬೇಕು ಅಂತ ನಾನು ಯಾವಾಗ ಅಂದೆ? ಮೊದ್ಲನೇ ದಿವ್ಸ ಕೂರ್ಬೇಕು ಅಂದೆ. ಒಬ್ರಿಗೇ ಜಾಗ ಅಂದ್ರೆ ಇನ್ನೂ ಒಳ್ಳೇದಾಯ್ತು. 'ಕೂರ್ತೀನಿ' ಅಂತ ನೀವು ಎಲ್ರ ಮುಂದೆ ಒಪ್ಕಂಡಿದೀರ."

"ಅವ್ವಾರೆ, ನಂಗೆ ಸೈಕಲ್ಲೂ ಬರಾಕಿಲ್ಲ."

"ಕಲೀರಿ."

"ಅಮ್ಮ," ಎಂದ ಮಂಜುನಾಥ, "ಅವರು ಓಡಿಸೋದು ಅಂದ್ರೆ..."

"ನೀನು ಓಡಿಸ್ಬ್ಯಾಡ ಅಂತ ಒಂದಿನಾನಾದ್ರೂ ಅಂದಿದೀನಾ ಮಗ? ಅಂದಿಲ್ಲ. ಅವ್ರು ಒಂದು ಸುತ್ತು ಬರ್ಲಿ. ಆಮ್ಯಾಕೆ ನೀನು ನೂರು ಸುತ್ತು ಓಗು, ನಾನು ಅಲ್ಲೇ ಕುರ್ಚಿ ಆಕ್ಕಂಡು ಕೂತಿರ್ತೀನಿ. ಅಲ್ಲೀಗಂಟ ನೀನು ಆ ಸೀಟು ಮುಟ್ಬ್ಯಾಡ. ಇದು ನನ್ನ ಆಣೆ."

ಮಂಜುನಾಥ ತಾಯಿಯನ್ನು ನೋಡಿದ. ಆ ಮನೆಯಲ್ಲಿ ಅವನಿಗೆ ಅಡ್ಡ ಬರದೆ ಇದ್ದವರು ಅವರೊಬ್ಬರೇ. ಅವರ ಆಣೆಯನ್ನು ಅವನು ಮುರಿಯಲಾರ. ಆಮೇಲೆ ಮಂಚಯ್ಯನ ಕಡೆ ತಿರುಗಿ, ಇದು ಎಷ್ಟು ಕಾಲ ಹಿಡಿಯುವ ಕೆಲಸ ಎಂದು ಲೆಕ್ಕ ಹಾಕುವವನಂತೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

ಆಗ ಜಗಲಿಯ ಮೇಲೆ ಗೋಡೆ ನೋಡುತ್ತಿದ್ದ ನಂಜಪ್ಪನವರು ಈ ಕಡೆ ತಿರುಗಿದರು. ಬೆಳಿಗ್ಗೆಯಿಂದ ಕಪ್ಪಿಟ್ಟಿದ್ದ ಅವರ ಮುಖದ ಮೇಲೆ ಸಣ್ಣಗೆ ಬೆಳಕು ಮೂಡಿತು. ಸೈಕಲ್ಲೂ ಬಾರದ ಈ ಮನುಷ್ಯ ಓಟದ ಕಾರು ಓಡಿಸಲು ಕಲಿಯುವವರೆಗೂ ಮಗ ಅದರಲ್ಲಿ ಕೂರುವುದಿಲ್ಲ. ತಾವು ಕೇಳಿದ ಉಪಕಾರಕ್ಕಿಂತ ಇದು ದೊಡ್ಡದು. ಅವರು ಎದ್ದು ಬಂದರು.

"ಅವ್ಳು ಏಳಿದ್ದು ಸರಿಯಾಗೈತೆ," ಎಂದರು. "ರುದ್ರಯ್ಯಂಗೆ ನಾನೇ ಏಳ್ತೀನಿ. ಭಾನುವಾರ ಭಾನುವಾರ ಗಾಡಿ ಕಳಿಸ್ತೀನಿ, ಬಂದು ಕಲ್ತ್ಕೊ. ಬೈರಯ್ಯನ್ನ ಕರೀರಿ."

ಬೈರಯ್ಯ ಬಂದ. ಎಮ್ಮೆ ಇನ್ನೂ ಈದಿರಲಿಲ್ಲ. ಪಾಠ ಹೇಳುವುದು ಮಾತ್ರ, ಕೂರುವುದು ಬೇರೆಯವರು ಎಂದು ತಿಳಿದ ಮೇಲೆ ಅವನು ಅಂದೇ, ಅಲ್ಲಿಯೇ ಶುರುಮಾಡೋಣ ಎಂದ. ಸೀಟು ಯಾವ ಅಳತೆಗೆ ಬರಬೇಕೆಂದು ಮಂಜುನಾಥನಿಗೂ ನೋಡಬೇಕಿತ್ತು. ಇಬ್ಬರೂ ಸೇರಿ ಮಂಚಯ್ಯನನ್ನು ಸೀಮೆಸುಣ್ಣದ ಕಾರಿನ ನಡುವೆ, ಬರಿಯ ನೆಲದ ಮೇಲೆ, ಕಾಲು ಚಾಚಿಸಿ ಕೂರಿಸಿದರು. ಲಕ್ಕಮ್ಮ ಒಂದು ರೊಟ್ಟಿತಟ್ಟೆ ತಂದು, ಚಕ್ರ ಅಂತ ತಿಳ್ಕಳಪ್ಪ ಎಂದು ಅವನ ಕೈಗೆ ಕೊಟ್ಟಳು.

"ಎಡಗಾಲು ಕಿಲಚ್ಚು," ಎಂದ ಬೈರಯ್ಯ. "ಒತ್ತು."

ಮಂಚಯ್ಯ ನೆಲವನ್ನು ಒತ್ತಿದ.

"ಸ್ವಲ್ಪ ಬೇಗ ಕಲೀಬೇಕು ಮಂಚಯ್ಯನೋರೆ," ಎಂದ ಮಂಜುನಾಥ, ಅವನ ಮೊಣಕಾಲು ಅಳೆಯುತ್ತಾ. "ಮುಂದಿನ ವರ್ಷದ ಓಟಕ್ಕೆ ಹೋಗಬೇಕು."

"ಚೆನ್ನಾಗಿ ಕಲೀಬೇಕು," ಎಂದರು ಕಾಮಾಕ್ಷಮ್ಮ.

ನಂಜಪ್ಪನವರು ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಳಿಗ್ಗೆ ಗಾಡಿಯಲ್ಲಿ ಮಾತಾಡಿದಷ್ಟೇ ಮೆಲ್ಲಗೆ, ಅಷ್ಟೇ ಪ್ರೀತಿಯಿಂದ ಕಿವಿಯಲ್ಲಿ ಹೇಳಿದರು:

"ಆತ್ರ ಬ್ಯಾಡ ಕಣಪ್ಪ. ಈ ಜನ್ಮೆಲ್ಲಾ ಐತೆ."